ಕ್ಲಾಸ್‌ರೂಮಿನಲ್ಲಿ ಕಾಫಿ ತೋಟ: ನನ್ನ ಅನುಭವ

ಬಿಬಿಎ ಮಕ್ಕಳಿಗೆ ಆಟ ಆಡಿಸಿ ಸ್ಟ್ರಾಟಜಿ ಕಲಿಸುತ್ತೇನೆ ಎಂದಾಗ ಸ್ಟಾಫ್ ರೂಮಿನಲ್ಲಿ ಯಾರೂ ನಂಬಲಿಲ್ಲ. ‘ಸಿಲೆಬಸ್ ಮುಗಿಸೋರು ಯಾರು?’ ಎಂದರು. ಈಗ ಗೋಣಿಕೊಪ್ಪ ಕಡೆಯ ಮೇಷ್ಟ್ರುಗಳು ಬಂದು ನನ್ನ ಕಾರ್ಡುಗಳನ್ನು ಜೆರಾಕ್ಸ್ ಮಾಡಿಸಿಕೊಂಡು ಹೋಗುತ್ತಾರೆ.

ಮೊದಲು ಆಡಿಸಿದ್ದು ಅಮೆರಿಕದ ಎಂಐಟಿಯ ಬಿಯರ್ ಗೇಮ್. 1960ರ ದಶಕದ ಆಟ: ಕಾರ್ಖಾನೆಯಿಂದ ಅಂಗಡಿಯವರೆಗೆ ಒಬ್ಬೊಬ್ಬರು ಒಂದೊಂದು ಹಂತದಲ್ಲಿ ಕೂತು, ಬಿಯರ್ ಎಷ್ಟು ತರಿಸಬೇಕು ಎಂದು ಲೆಕ್ಕ ಹಾಕುವುದು. ಮಕ್ಕಳು ನಕ್ಕರು, ಆಡಿದರು, ಮರೆತರು. ಸೋತರೂ ಅವರದ್ದೇನೂ ಹೋಗಲಿಲ್ಲವಲ್ಲ. ಆಮೇಲೆ ಕಂಪ್ಯೂಟರ್ ಸಿಮ್ಯುಲೇಶನ್ ವಿಚಾರಿಸಿದೆ. ತಲೆಗೆ ಎರಡು ಸಾವಿರಕ್ಕೂ ಜಾಸ್ತಿ. ಟ್ರಯಲ್ ಇಟ್ಟುಕೊಂಡದ್ದು ಜುಲೈ ಮಳೆಯಲ್ಲಿ. ಕರೆಂಟ್ ಹೋಯ್ತು, ನೆಟ್ ಹೋಯ್ತು, ಆಡಿದಷ್ಟು ಲೆಕ್ಕವೂ ಹೋಯ್ತು.

ಕೊನೆಗೆ ಕಾಫಿ ತೋಟವನ್ನೇ ಆಟ ಮಾಡಿದೆ. ಕಾರ್ಡ್‌ಶೀಟ್, ಜೆರಾಕ್ಸ್ ಎಲ್ಲ ಸೇರಿ ಸಾವಿರದ ಇನ್ನೂರರ ಆಸುಪಾಸು ಖರ್ಚು. ತಂಡಕ್ಕೆ ಹತ್ತು ಎಕರೆ ರೋಬಸ್ಟಾ ಕಾಫಿ, ಮಧ್ಯೆ ಕರಿಮೆಣಸು, ಮೇಲೆ ಒಂದಿಷ್ಟು ಬ್ಯಾಂಕ್ ಸಾಲ. ಒಂದು ರೌಂಡ್ ಅಂದರೆ ಒಂದು ವರ್ಷ. ಗಿಡ ಹೂ ಬಿಡಲು ಬೇಕಾದ ಹೂ ಮಳೆಗೆ ಕಾಯಬೇಕಾ, ಡೀಸೆಲ್ ಸುಟ್ಟು ಸ್ಪ್ರಿಂಕ್ಲರ್ ಹಾಕಬೇಕಾ? ಚೆರಿಯನ್ನು (ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು) ಈಗಲೇ ಮಾರಬೇಕಾ, ಗೋದಾಮಿನಲ್ಲಿ ಇಡಬೇಕಾ? ಚೀಟಿಯಲ್ಲಿ ಬರೆದು ಕೊಟ್ಟ ಮೇಲೆಯೇ ಮಳೆ ಕಾರ್ಡು, ಲಂಡನ್ ಮಾರುಕಟ್ಟೆಯ ಕಾಫಿ ರೇಟಿನ ಕಾರ್ಡು ತಿರುಗಿಸುತ್ತೇನೆ.

ಆಟಕ್ಕೆ ನಿಜವಾಗಿ ಜೀವ ಬಂದದ್ದು ಸಾಲವನ್ನು ಬಡ್ಡಿ ಸಮೇತ ಮುಂದಿನ ರೌಂಡಿಗೆ ದಾಟಿಸಿದಾಗ. ಒಂದು ತಂಡ ‘ರೇಟ್ ಇನ್ನೂ ಏರುತ್ತೆ ಸರ್’ ಎಂದು ನೂರು ಚೀಲ ಹಿಡಿದಿಟ್ಟಿತು. 2024ರಲ್ಲಿ ರೋಬಸ್ಟಾ ಚೆರಿ ಚೀಲಕ್ಕೆ ಹತ್ತು ಸಾವಿರ ದಾಟಿದ್ದನ್ನು ಮನೆಯಲ್ಲೇ ಕಂಡ ಮಕ್ಕಳು, ಅಲ್ವಾ. ಕಾರ್ಡ್ ತಿರುಗಿಸಿದೆ. ರೇಟ್ ಬಿದ್ದಿತ್ತು. ಆಳುಗಳಿಗೆ ಕೂಲಿ ಕೊಡಲು ದುಡ್ಡಿಲ್ಲ. ಪಕ್ಕದ ತಂಡ ಮೆಣಸು ಮಾರಿ ಬಡ್ಡಿ ಕಟ್ಟಿ ಆರಾಮಾಗಿ ಕೂತಿತ್ತು. ಸೋತ ತಂಡದಲ್ಲಿ ಲೆಕ್ಕ ಬರೆಯುತ್ತಿದ್ದ ಹುಡುಗಿ ಹಾಳೆಯ ಮೊದಲ ಸಾಲಿನಲ್ಲಿದ್ದ ‘ರೇಟ್’ ಅಳಿಸಿ, ‘ಕೈಯಲ್ಲಿರುವ ದುಡ್ಡು’ ಎಂದು ಬರೆದಳು. ನಾನು ಹೇಳಿಕೊಟ್ಟದ್ದಲ್ಲ. ಕ್ಯಾಶ್ ಫ್ಲೋ ಬಗ್ಗೆ ಬೋರ್ಡ್ ತುಂಬ ಬರೆದಾಗಲೂ ಇದು ಆಗಿರಲಿಲ್ಲ.

ಒಮ್ಮೆ ಒಂದು ತಂಡವನ್ನು ವ್ಯಾಪಾರಿ ಮಾಡಿ, ಔಟ್‌ಟರ್ನ್, ಅಂದರೆ ಒಂದು ಚೀಲ ಚೆರಿಯಿಂದ ಎಷ್ಟು ಕೆಜಿ ಬೀಜ ಸಿಗುತ್ತದೆ ಎಂಬುದನ್ನು ನೋಡಿ ರೇಟ್ ಕಟ್ಟಲು ಬಿಟ್ಟೆ. ಇಪ್ಪತ್ತಾರಾ, ಇಪ್ಪತ್ತೆಂಟಾ ಎಂಬ ಚೌಕಾಸಿಯಲ್ಲೇ ಪೀರಿಯಡ್ ಮುಗಿಯಿತು. ಚೆನ್ನಾಗಿತ್ತು, ಆದರೆ ಅದಕ್ಕೆ ಬೇರೆಯೇ ದಿನ ಬೇಕು.

ಐದು ತಂಡಕ್ಕಿಂತ ಜಾಸ್ತಿ ಮಾಡಬೇಡಿ, ಲೆಕ್ಕ ನೋಡಲು ಆಗುವುದಿಲ್ಲ. ರೇಟ್ ಕಾರ್ಡುಗಳನ್ನು ಯಾವ ಕ್ರಮದಲ್ಲಿ ಜೋಡಿಸುತ್ತೇನೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಮುಂದಿನ ಬ್ಯಾಚಿನವರೂ ಇದನ್ನು ಓದುತ್ತಾರೆ.