ಆರ್‌ಟಿಎಫ್ ಕಡತ ಬದಲಿಸುವಾಗ ಅಕ್ಷರ ಉಳಿಸಿಕೊಳ್ಳುವುದು ಹೇಗೆ?

ಆರ್‌ಟಿಎಫ್ ಅಂದರೆ ದಪ್ಪಕ್ಷರ, ಕೋಷ್ಟಕಗಳ ಸಮೇತ ಬರಹ ಉಳಿಸುವ ಒಂದು ಹಳೆಯ ಬಗೆಯ ಕಡತ, ಡಾಕ್ಸ್ ಅಂದರೆ ವರ್ಡ್ ಕಡತ. ಕಡತದ ಹೆಸರಿನ ಕೊನೆಯಲ್ಲಿರುವ ಆರ್‌ಟಿಎಫ್ ಅಳಿಸಿ ಡಾಕ್ಸ್ ಎಂದು ಬರೆದರೆ ಕೆಲಸ ಮುಗಿಯಿತು ಎಂದುಕೊಂಡವರನ್ನು ಎಷ್ಟೋ ಸಲ ನೋಡಿದ್ದೇನೆ. ಹೆಸರು ಬದಲಾಗುತ್ತದೆ, ಒಳಗಿನ ಹೂರಣ ಹಾಗೇ ಇರುತ್ತದೆ. ಇನ್ನು ಕೆಲವರು ಒಂದೊಂದೇ ಕಡತ ತೆರೆದು 'ಸೇವ್ ಆಸ್' ಒತ್ತುತ್ತಾ ಇಡೀ ದಿನ ಕೂರುತ್ತಾರೆ. ಇನ್ನೂರು ಕಡತ ಇದ್ದರೂ ಟರ್ಮಿನಲ್‌ನಲ್ಲಿ, ಅಂದರೆ ಆಜ್ಞೆ ಟೈಪ್ ಮಾಡುವ ಕಿಟಕಿಯಲ್ಲಿ, ಒಂದೆರಡು ಸಾಲು ಸಾಕು. ಆದರೆ ಒಂದು ಕಡೆ ಎಡವಿದರೆ ಅಕ್ಷರಗಳೇ ಮಾಯವಾಗುತ್ತವೆ. ಆ ಜಾಗವನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ.

ಆಜ್ಞೆಗಳನ್ನು ಓದುವ ಹಾಗೆ ಕನ್ನಡದಲ್ಲೇ ಕೊಟ್ಟಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರ ಬಳಸಿ.

ಹೆಜ್ಜೆ 1: ಎಲ್ಲ ಕಡತಗಳನ್ನೂ ಬೇರೆ ಫೋಲ್ಡರ್‌ಗೆ ನಕಲು ಮಾಡಿ. ನಕಲಿನ ಮೇಲೆ ಮಾತ್ರ ಕೈಯಿಡಿ.

ಹೆಜ್ಜೆ 2: ಅದು ನಿಜವಾಗಿಯೂ ಆರ್‌ಟಿಎಫ್ ಹೌದಾ ನೋಡಿ. ಮ್ಯಾಕ್, ಲಿನಕ್ಸ್‌ನಲ್ಲಿ 'ಫೈಲ್' ಎಂದು ಬರೆದು ಕಡತದ ಹೆಸರು ಕೊಟ್ಟರೆ ಉತ್ತರ ಬರುತ್ತದೆ. ಡಾಕ್ ಎಂಬ ಹೆಸರಿಟ್ಟುಕೊಂಡು ಒಳಗೆ ಆರ್‌ಟಿಎಫ್ ಇರುವ ಕಡತಗಳೂ ಇವೆ.

ಹೆಜ್ಜೆ 3: ಸಾಧನ ಆರಿಸಿಕೊಳ್ಳಿ. ಪಿಡಿಎಫ್ ಅಥವಾ ಡಾಕ್ಸ್ ಬೇಕಿದ್ದರೆ ವರ್ಡ್‌ನಂಥದೇ ಉಚಿತ ತಂತ್ರಾಂಶ ಲಿಬ್ರೆಆಫೀಸ್. ಸಾದಾ ಪಠ್ಯ, ಮಾರ್ಕ್‌ಡೌನ್ (ನಕ್ಷತ್ರದಂಥ ಚಿಹ್ನೆಗಳಿಂದ ದಪ್ಪಕ್ಷರ, ತಲೆಬರಹ ಗುರುತಿಸುವ ಪಠ್ಯ), ಎಚ್‌ಟಿಎಂಎಲ್ (ಜಾಲಪುಟದ ಕಡತ) ಬೇಕಿದ್ದರೆ ಕಡತದ ಬಗೆ ಬದಲಿಸುವ ಸಾಧನ ಪ್ಯಾಂಡಾಕ್. ಆದರೆ ಪ್ಯಾಂಡಾಕ್ ಆರ್‌ಟಿಎಫ್ ಓದಲು ಕಲಿತದ್ದು 2021ರಲ್ಲಿ. ಅದಕ್ಕಿಂತ ಹಳೆಯದಿದ್ದರೆ ಹೊಸದು ಹಾಕಿಕೊಳ್ಳಿ. ಮ್ಯಾಕ್‌ನಲ್ಲಿ ಟೆಕ್ಸ್ಟ್‌ಯುಟಿಲ್ ಎಂಬ ಇಂಥದೇ ಸಾಧನ ಮೊದಲೇ ಇರುತ್ತದೆ, ಚೆನ್ನಾಗಿಯೂ ಇದೆ. ಪಿಡಿಎಫ್ ಮಾತ್ರ ಕೊಡುವುದಿಲ್ಲ. ಉಚಿತವಾಗಿ ಬದಲಿಸಿಕೊಡುವ ಜಾಲತಾಣಗಳಿಗೆ ಮಾತ್ರ ದಯವಿಟ್ಟು ಹೋಗಬೇಡಿ. ನಿಮ್ಮ ಖಾಸಗಿ ಕಾಗದಪತ್ರವನ್ನು ಗುರುತಿಲ್ಲದವರ ಕಂಪ್ಯೂಟರ್‌ಗೆ ಯಾಕೆ ಕಳಿಸಬೇಕು?

ಹೆಜ್ಜೆ 4: ಅಕ್ಷರ ಪರೀಕ್ಷೆ. ಎಲ್ಲರೂ ಬಿಟ್ಟುಬಿಡುವ ಹೆಜ್ಜೆ ಇದೇ.

ಮೈಕ್ರೋಸಾಫ್ಟ್ ಆರ್‌ಟಿಎಫ್ ತಂದದ್ದು 1987ರಲ್ಲಿ, ಎಲ್ಲ ಲಿಪಿಗಳ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಯೂನಿಕೋಡ್ ಬಳಕೆಗೆ ಬರುವ ಮೊದಲು. ಹಾಗಾಗಿ ಇಂಗ್ಲಿಷ್ ಬಿಟ್ಟು ಬೇರೆ ಲಿಪಿಯನ್ನು ಅದು ಸುತ್ತುಬಳಸಿ ಬರೆಯುತ್ತದೆ. ಒಂದು ಕಡತವನ್ನು ಸಾದಾ ಎಡಿಟರ್‌ನಲ್ಲಿ ತೆರೆಯಿರಿ. 'ಕ' ಎಂದು ಬರೆದ ಕಡೆ 'ಕ' ಕಾಣುವುದಿಲ್ಲ. ಒಂದು ಬ್ಯಾಕ್‌ಸ್ಲ್ಯಾಶ್, ಯು ಅಕ್ಷರ, 3221 ಎಂಬ ಸಂಖ್ಯೆ, ಸಾಮಾನ್ಯವಾಗಿ ಅದರ ಬೆನ್ನಿಗೇ ಒಂದು ಪ್ರಶ್ನಾರ್ಥಕ ಚಿಹ್ನೆ. 3221 ಅಂದರೆ ಯೂನಿಕೋಡ್‌ನಲ್ಲಿ 'ಕ'ದ ಸಂಖ್ಯೆ. ಯೂನಿಕೋಡ್ ಗೊತ್ತಿಲ್ಲದ ಹಳೆಯ ತಂತ್ರಾಂಶಕ್ಕಾಗಿ ಇಟ್ಟ ಬದಲಿಯೇ ಆ ಚಿಹ್ನೆ. ಇಷ್ಟು ಕಂಡರೆ ನಿಶ್ಚಿಂತೆ, ಅಕ್ಷರ ಒಳಗೆ ಭದ್ರವಾಗಿದೆ.

3200ರಿಂದ 3327ರೊಳಗಿನ ಸಂಖ್ಯೆ ಒಂದೂ ಇಲ್ಲದೆ, ಬರೀ ಅರ್ಥವಾಗದ ಇಂಗ್ಲಿಷ್ ಅಕ್ಷರ, ಚಿಹ್ನೆಗಳೇ ಇದ್ದರೆ ನಿಲ್ಲಿಸಿ. ಅದು ಯೂನಿಕೋಡ್ ಅಲ್ಲದ ಹಳೆಯ ಫಾಂಟ್‌ನಲ್ಲಿ ಬರೆದದ್ದು. ಫಾಂಟ್ ಇರುವ ತನಕ ಕನ್ನಡವಾಗಿ ಕಾಣುತ್ತದೆ, ಸಾದಾ ಪಠ್ಯಕ್ಕೆ ಬಂದ ಕೂಡಲೇ ಚೆಲ್ಲಾಪಿಲ್ಲಿ. ಮೊದಲು ಯೂನಿಕೋಡ್‌ಗೆ ತಂದುಕೊಂಡೇ ಮುಂದೆ ಹೋಗಬೇಕು.

ಇನ್ನೊಂದು ಅಪಾಯ ಹೊರಗೆ ಬರುವಾಗಿನದು. ಲಿಬ್ರೆಆಫೀಸ್‌ಗೆ ಸುಮ್ನೆ ಟಿಎಕ್ಸ್‌ಟಿ ಬೇಕು ಎಂದರೆ ಅದು ಕಂಪ್ಯೂಟರ್‌ನ ಎನ್‌ಕೋಡಿಂಗ್, ಅಂದರೆ ಅಕ್ಷರಗಳನ್ನು ಕಡತದಲ್ಲಿ ಉಳಿಸುವ ಕ್ರಮ, ಹಿಡಿದುಬಿಡಬಹುದು. ಅದು ಯೂನಿಕೋಡ್‌ನ ಎಲ್ಲ ಅಕ್ಷರಗಳನ್ನೂ ಉಳಿಸಬಲ್ಲ ಯುಟಿಎಫ್-8 ಅಲ್ಲದಿದ್ದರೆ ಪುಟದ ತುಂಬಾ ಪ್ರಶ್ನಾರ್ಥಕ ಚಿಹ್ನೆ. ನನಗೆ ಪರಿಚಯದ ಒಬ್ಬರು ಹೀಗೆ ಇಡೀ ಫೋಲ್ಡರ್ ಬದಲಿಸಿ, ಮೂಲವನ್ನೂ ಅಳಿಸಿದ್ದರು. ಆ ಬರಹ ಮರಳಿ ಸಿಗಲೇ ಇಲ್ಲ. ಅದಕ್ಕೇ ಸಾದಾ ಪಠ್ಯಕ್ಕೆ ಪ್ಯಾಂಡಾಕ್ ಬಳಸಿ ಎನ್ನುವುದು. ಅದು ಯಾವಾಗಲೂ ಯುಟಿಎಫ್-8ನಲ್ಲೇ ಬರೆಯುತ್ತದೆ.

ಹೆಜ್ಜೆ 5: ಆಜ್ಞೆ ಕೊಡಿ. ಪಠ್ಯಕ್ಕೆ:

ಪ್ಯಾಂಡಾಕ್ -ಟಿ ಪ್ಲೇನ್ --ವ್ರ್ಯಾಪ್=ನನ್ ಪತ್ರ.ಆರ್‌ಟಿಎಫ್ -ಓ ಪತ್ರ.ಟಿಎಕ್ಸ್‌ಟಿ

'-ಟಿ ಪ್ಲೇನ್' ಮರೆತರೆ ಅದು ಮಾರ್ಕ್‌ಡೌನ್ ಬರೆದು, ದಪ್ಪಕ್ಷರದ ಸುತ್ತ ನಕ್ಷತ್ರ ಹಾಕುತ್ತದೆ. ವ್ರ್ಯಾಪ್ ಮರೆತರೆ ಸಾಲುಗಳು 72 ಅಕ್ಷರದ ಆಸುಪಾಸಿನಲ್ಲಿ ತುಂಡಾಗುತ್ತವೆ. ಕಡತ ಜಾಸ್ತಿ ಇದ್ದರೆ ಒಂದೇ ಆಜ್ಞೆಯನ್ನು ಮತ್ತೆ ಮತ್ತೆ ನಡೆಸುವ 'ಫಾರ್' ಲೂಪ್‌ನಲ್ಲಿ ಒಂದೊಂದಕ್ಕೂ ಓಡಿಸಿ.

ಪಿಡಿಎಫ್‌ಗೆ:

ಎಸ್‌ಆಫೀಸ್ --ಹೆಡ್‌ಲೆಸ್ --ಕನ್ವರ್ಟ್-ಟು ಪಿಡಿಎಫ್ --ಔಟ್‌ಡಿರ್ ಹೊಸದು *.ಆರ್‌ಟಿಎಫ್

ಇದನ್ನು ಕೊಡುವ ಮೊದಲು ಲಿಬ್ರೆಆಫೀಸ್‌ನ ಎಲ್ಲ ಕಿಟಕಿಗಳನ್ನೂ ಮುಚ್ಚಿ. ತೆರೆದಿದ್ದರೆ ಕೆಲವೊಮ್ಮೆ ಆಜ್ಞೆ ಏನೂ ಹೇಳದೆ ಮುಗಿಯುತ್ತದೆ, ಕಡತವೂ ಬರುವುದಿಲ್ಲ. ಔಟ್‌ಡಿರ್ ಬಿಡಬೇಡಿ. ಅದೇ ಹೆಸರಿನ ಹಳೆಯ ಪಿಡಿಎಫ್ ಇದ್ದರೆ ಕೇಳದೆ ಅದರ ಮೇಲೇ ಬರೆದುಬಿಡುತ್ತದೆ. ಮ್ಯಾಕ್‌ನಲ್ಲಿ ಎಸ್‌ಆಫೀಸ್ ಇರುವುದು ಆ್ಯಪ್‌ನ ಒಳಗೆ, ಹಾಗಾಗಿ ಪೂರ್ತಿ ದಾರಿ ಕೊಡಬೇಕಾಗುತ್ತದೆ.

ಹೆಜ್ಜೆ 6: ಎಣಿಸಿ, ತೆರೆದು ನೋಡಿ. ಹಾಕಿದಷ್ಟೇ ಕಡತ ಬಂದಿವೆಯಾ? ಕೋಷ್ಟಕ ಇರುವ ಒಂದು, ಅಡಿಟಿಪ್ಪಣಿ ಇರುವ ಒಂದು, ಎಲ್ಲಕ್ಕಿಂತ ಉದ್ದದ್ದು ಒಂದು, ಈ ಮೂರನ್ನು ಕಣ್ಣಾರೆ ನೋಡಿ. ಪಠ್ಯ ಕಡತಗಳಲ್ಲಿ 'ಗ್ರೆಪ್' ಎಂಬ ಹುಡುಕುವ ಆಜ್ಞೆ ಬಳಸಿ, ಒಟ್ಟಿಗೆ ಬಂದ ಮೂರು ಪ್ರಶ್ನಾರ್ಥಕ ಚಿಹ್ನೆ ಹುಡುಕಿ. ಒಂದು ಕಡತದ ಹೆಸರು ಬಂದರೂ ನಾಲ್ಕನೇ ಹೆಜ್ಜೆಗೆ ವಾಪಸ್ ಹೋಗಿ.