ಹಾಸನದಲ್ಲಿ ಅಪ್ರೆಂಟಿಸ್ ಆಗಿ ಸೇರಿದವರಿಗೆ: ಮೊದಲ ವರ್ಷದ ಕೈಕೆಲಸ

ಕಾರ್ಖಾನೆಗೆ ಸೇರಿದ ಕೂಡಲೇ ಸಿಎನ್‌ಸಿ (ಕಂಪ್ಯೂಟರ್ ನಡೆಸುವ) ಮೆಷಿನ್ ಕೈಗೆ ಕೊಡುತ್ತಾರೆ ಅಂತ ಕಾಯಬೇಡಿ. ಸಾಮಾನ್ಯವಾಗಿ ಮೊದಲು ಸಿಗುವುದು ವೈಸ್ (ಲೋಹದ ತುಂಡನ್ನು ಬಿಗಿಯಾಗಿ ಹಿಡಿಯುವ ಇಕ್ಕಳ), ಫೈಲ್ (ಅರ), ವರ್ನಿಯರ್ (ಅಳತೆಯ ಉಪಕರಣ). ಇವನ್ನು ಮನಸ್ಸಿಟ್ಟು ಕಲಿತವರಿಗೇ ಮುಂದೆ ಮೆಷಿನ್ ಎಲ್ಲಿ ತಪ್ಪುತ್ತಿದೆ ಅಂತ ಗೊತ್ತಾಗುವುದು.

ಅದಕ್ಕೂ ಮೊದಲು ಎರಡು ವಿಷಯ. ತರಬೇತಿ ಒಪ್ಪಂದ ಸರ್ಕಾರದ ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನಲ್ಲಿ ನೋಂದಣಿ ಆಗಿದೆಯಾ ನೋಡಿ, ಪ್ರತಿ ಇಟ್ಟುಕೊಳ್ಳಿ. 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ ಅಪ್ರೆಂಟಿಸ್‌ಶಿಪ್ ಅಡ್ವೈಸರ್ (ಸರ್ಕಾರಿ ಅಧಿಕಾರಿ) ಒಪ್ಪಿಗೆ ಇಲ್ಲದೆ ನಿಮ್ಮಿಂದ ಓವರ್‌ಟೈಮ್ ಮಾಡಿಸುವಂತಿಲ್ಲ. ಆಲೂರು, ಬೇಲೂರು ಕಡೆಯಿಂದ ಬರುವವರು ಫಸ್ಟ್ ಶಿಫ್ಟ್ ಹೊತ್ತಿಗೆ ಬಸ್ ಇದೆಯಾ ವಿಚಾರಿಸಿ. ಇಲ್ಲವಾದರೆ ಹಾಸನದಲ್ಲೇ ರೂಮು ಮಾಡುವುದು ವಾಸಿ. ನಿದ್ದೆಗೆಟ್ಟು ಡ್ರಿಲ್ಲಿಂಗ್ ಮೆಷಿನ್ ಮುಂದೆ ನಿಲ್ಲುವುದು ಅಪಾಯ.

ಅಳತೆಯಿಂದ ಶುರು ಮಾಡಿ. ವರ್ನಿಯರ್ ದವಡೆ ಒರೆಸಿ ಮುಚ್ಚಿ, ಸೊನ್ನೆಗೆ ಸೊನ್ನೆ ಕೂಡುತ್ತದೆಯಾ ನೋಡಿ. ಲೀಸ್ಟ್ ಕೌಂಟ್ (ಅಳೆಯಬಹುದಾದ ಅತಿ ಚಿಕ್ಕ ಅಳತೆ) 0.02 ಮಿ.ಮೀ. ಇರುವುದರಲ್ಲಿ ಮುಖ್ಯ ಸ್ಕೇಲ್ 24 ದಾಟಿ, ವರ್ನಿಯರ್‌ನ 13ನೇ ಗೆರೆ ಕೂಡಿದರೆ ಅಳತೆ 24.26. ಮೈಕ್ರೋಮೀಟರನ್ನು (ಇನ್ನೂ ಸೂಕ್ಷ್ಮವಾಗಿ ಅಳೆಯುವ ಉಪಕರಣ) ತುದಿಯಲ್ಲಿರುವ ರ‍್ಯಾಚೆಟ್ ಹಿಡಿದೇ ತಿರುಗಿಸಿ. ಥಿಂಬಲ್ (ತಿರುಗುವ ದೊಡ್ಡ ಕೊಳವೆ) ಹಿಡಿದು ಬಿಗಿದರೆ ಅಳತೆ ಕಡಿಮೆ ತೋರಿಸುತ್ತದೆ. ಜಾಬ್ (ನೀವು ಕೆಲಸ ಮಾಡುತ್ತಿರುವ ಲೋಹದ ತುಂಡು) ಬಿಸಿ ಇರುವಾಗ ಅಳೆಯಲೇಬೇಡಿ. 100 ಮಿ.ಮೀ. ಉಕ್ಕು 10 ಡಿಗ್ರಿ ಬಿಸಿಯಾದರೆ ಸುಮಾರು 0.01 ಮಿ.ಮೀ. ಹಿಗ್ಗುತ್ತದೆ, ತಣ್ಣಗಾದ ಮೇಲೆ ಜಾಬ್ ಬೇಕಾದ್ದಕ್ಕಿಂತ ಚಿಕ್ಕದು, ಅಂದರೆ ಅಂಡರ್‌ಸೈಜ್. ನಮ್ಮ ಕಡೆಯ ಮಳೆಗಾಲದಲ್ಲಿ ಬೆವರು ತಾಗಿದ ಉಪಕರಣ ಬೇಗ ತುಕ್ಕು ಹಿಡಿಯುತ್ತದೆ. ಮನೆಗೆ ಹೊರಡುವ ಮುಂಚೆ ತೆಳುವಾಗಿ ಎಣ್ಣೆ ಒರೆಸಿಡಿ.

ಫೈಲಿಂಗ್‌ಗೆ ವೈಸ್ ನಿಮ್ಮ ಮೊಣಕೈ ಎತ್ತರಕ್ಕಿರಲಿ. ಒತ್ತಡ ಮುಂದಕ್ಕೆ ಹೋಗುವಾಗ ಮಾತ್ರ. ಮೇಲ್ಮೈ ನಡುವೆ ಉಬ್ಬುತ್ತಿದ್ದರೆ ಫೈಲ್ ತೂಗಾಡುತ್ತಿದೆ ಅಂತ ಅರ್ಥ.

ಹೊಸಬರು ಹೆಚ್ಚು ಎಡವುವುದು ಟ್ಯಾಪಿಂಗ್‌ನಲ್ಲಿ, ಅಂದರೆ ಕೊರೆದ ತೂತಿನೊಳಗೆ ಟ್ಯಾಪ್ ಎಂಬ ಉಪಕರಣದಿಂದ ಥ್ರೆಡ್ (ಸ್ಕ್ರೂ ಗೆರೆ) ಕತ್ತರಿಸುವುದರಲ್ಲಿ. ಎಂ10 (10 ಮಿ.ಮೀ. ವ್ಯಾಸದ ಥ್ರೆಡ್), ಗೆರೆಯಿಂದ ಗೆರೆಗೆ 1.5 ಮಿ.ಮೀ., ಅಂದರೆ 1.5 ಪಿಚ್‌ಗೆ ಡ್ರಿಲ್ 8.5, ಎಂ8, 1.25 ಪಿಚ್‌ಗೆ 6.8, ಎಂ6, 1 ಪಿಚ್‌ಗೆ 5 ಮಿ.ಮೀ. ಎಂ10ಗೆ 8ರ ಡ್ರಿಲ್ ಹಾಕಿದರೆ ಟ್ಯಾಪ್ ಬಿಗಿಯಾಗಿ ಮುರಿಯುತ್ತದೆ, 9 ಹಾಕಿದರೆ ಥ್ರೆಡ್ ಆಳವಿಲ್ಲದೆ ಸಡಿಲ. ಎಂಎಸ್ (ಮೃದು ಉಕ್ಕು) ಜಾಬ್‌ಗೆ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಡ್ರಿಲ್‌ನ ಅಂಚಿನ ವೇಗ ನಿಮಿಷಕ್ಕೆ 25 ಮೀಟರ್ ಇಟ್ಟರೆ 8.5ಕ್ಕೆ ನಿಮಿಷಕ್ಕೆ ಸುಮಾರು 900 ಸುತ್ತು (ಆರ್‌ಪಿಎಂ). ಜಾಬ್ ಕ್ಲ್ಯಾಂಪ್ ಮಾಡಿ, ಕೈಯಲ್ಲಿ ಹಿಡಿಯಬೇಡಿ. ಡ್ರಿಲ್ ಆಚೆ ತೂರುವ ಹೊತ್ತಿಗೆ ಕಚ್ಚಿಕೊಂಡು ಜಾಬ್ ಗಿರ್ರನೆ ತಿರುಗುತ್ತದೆ. ಕೈಗವಸೂ ಬೇಡ, ಸುತ್ತಿಕೊಂಡರೆ ಕೈಯನ್ನೇ ಎಳೆಯುತ್ತದೆ.

ಸೆಟ್‌ನಲ್ಲಿ ಮೂರು ಟ್ಯಾಪ್: ಟೇಪರ್, ಸೆಕೆಂಡ್, ಬಾಟಮಿಂಗ್. ಟೇಪರ್ ಎರಡು ಸುತ್ತು ಹೋದ ಮೇಲೆ ಎರಡು ದಿಕ್ಕಿನಿಂದ ಟ್ರೈ ಸ್ಕ್ವೇರ್ (ಮೂಲೆಮಟ್ಟ) ಇಟ್ಟು ನೆಟ್ಟಗಿದೆಯಾ ನೋಡಿ. ವಾಲಿದ್ದರೆ ಆಗಲೇ ಸರಿಮಾಡಬೇಕು. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಹಿಂದಕ್ಕೆ ಬರುವಾಗ ಚಿಪ್ (ಕತ್ತರಿಸಿದ ಲೋಹದ ಚೂರು) ತುಂಡಾಗುವುದು ಕೈಗೇ ಗೊತ್ತಾಗುತ್ತದೆ. ಉಕ್ಕಿಗೆ ಕಟಿಂಗ್ ಆಯಿಲ್, ಅಲ್ಯೂಮಿನಿಯಂಗೆ ಸೀಮೆಎಣ್ಣೆ, ಎರಕದ ಕಬ್ಬಿಣಕ್ಕೆ ಎಣ್ಣೆ ಬೇಡ. ಬ್ಲೈಂಡ್ ಹೋಲ್ (ಆಚೆ ತೂರದ ತೂತು) ಆದರೆ ಥ್ರೆಡ್‌ಗಿಂತ ಆಳವಾಗಿ ಕೊರೆದು, ಆಗಾಗ ಟ್ಯಾಪ್ ಹೊರತೆಗೆದು ಚಿಪ್ ತೆಗೆಯಿರಿ.

ಟ್ಯಾಪ್ ಮುರಿದರೆ ಅದರ ಮೇಲೆ ಡ್ರಿಲ್ ಹಾಕಬೇಡಿ, ಎರಡೂ ಗಟ್ಟಿ. ಮುಚ್ಚಿಡದೆ ಸೂಪರ್‌ವೈಸರ್‌ಗೆ ಹೇಳಿ. ಎಕ್ಸ್‌ಟ್ರಾಕ್ಟರ್ ಅಥವಾ ವಿದ್ಯುತ್ ಕಿಡಿಯಿಂದ ಲೋಹ ಸವೆಸುವ ಸ್ಪಾರ್ಕ್ ಎರೋಶನ್‌ನಲ್ಲಿ ತೆಗೆಸಬಹುದು. ಆವತ್ತಿನ ಜಾಬ್, ಡ್ರಿಲ್ ಅಳತೆ, ಮುರಿದ ಕಾರಣ ಲಾಗ್‌ಬುಕ್‌ನಲ್ಲಿ ಬರೆದು ಸಹಿ ಹಾಕಿಸಿಕೊಳ್ಳಿ.