ಗಾಯದಿಂದ ಎದ್ದ ಕುದುರೆ ಒದೆಯಲು, ಕಚ್ಚಲು ಶುರುಮಾಡಿದರೆ ಮತ್ತೆ ಪಳಗಿಸುವುದು ಹೇಗೆ

ಗಾಯಕ್ಕೆ ಮುಂಚೆ ಸಾಧುವಾಗಿದ್ದ ಕುದುರೆ, ವಾಸಿಯಾದ ಮೇಲೆ ಜೀನು ಕಂಡರೆ ಹಲ್ಲು ತೋರಿಸುತ್ತದೆ. ಕಾಲು ಮುಟ್ಟಿದರೆ ಒದೆಯುತ್ತದೆ. ಲಾಯದಿಂದ ಹೊರಗೆ ತಂದರೆ ಎರಡು ಕಾಲ ಮೇಲೆ ನಿಲ್ಲುತ್ತದೆ. ಮಾಲೀಕರು ಇದಕ್ಕೆ ಸೊಕ್ಕು ಎನ್ನುತ್ತಾರೆ. ಗಾಯಗೊಂಡ ಕುದುರೆಗಳನ್ನು ಮತ್ತೆ ಕೆಲಸಕ್ಕೆ ತರುವುದೇ ನನ್ನ ಕಸುಬು, ಈ ಮಾತನ್ನು ನಾನು ಒಪ್ಪುವುದಿಲ್ಲ. ಇಂಥ ಹಟದ ಹಿಂದೆ ಇನ್ನೂ ಉಳಿದ ನೋವು ಇರುತ್ತದೆ, ಇಲ್ಲವೇ ನೋವಿನ ನೆನಪು ಇರುತ್ತದೆ, ಇಲ್ಲವೇ ತಿಂಗಳುಗಟ್ಟಲೆ ಲಾಯದಲ್ಲೇ ನಿಂತಿದ್ದರಿಂದ ಮೈಯಲ್ಲಿ ತುಂಬಿಕೊಂಡ ಕಸುವು ಇರುತ್ತದೆ. ಎಷ್ಟೋ ಸಲ ಮೂರೂ ಸೇರಿರುತ್ತವೆ. ಯಾವುದು ಎಷ್ಟಿದೆ ಎಂದು ತಿಳಿಯದೆ ತರಬೇತಿ ಶುರುಮಾಡಬೇಡಿ.

ಮೊದಲು ನೋವನ್ನು ಹುಡುಕಿ. ಪಶುವೈದ್ಯರಿಂದ ಕುಂಟನ್ನು ಪರೀಕ್ಷೆ ಮಾಡಿಸಿ. ಪೆಟ್ಟು ಬಿದ್ದದ್ದು ಟೆಂಡನ್ನಿಗಾದರೆ, ಅಂದರೆ ಸ್ನಾಯುವನ್ನು ಮೂಳೆಗೆ ಜೋಡಿಸುವ ನಾರಿಗಾದರೆ, ಅಲ್ಟ್ರಾಸೌಂಡ್ ಬೇಕೇ ಬೇಕು. ಊತ ಕೆಲವು ವಾರಗಳಲ್ಲಿ ಇಳಿದು ಕಾಲು ನೋಡಲು ಚೆನ್ನಾಗಿಯೇ ಕಾಣುತ್ತದೆ. ಒಳಗಿನ ನಾರು ಗಟ್ಟಿಯಾಗಲು ಮಾತ್ರ 9ರಿಂದ 12 ತಿಂಗಳು, ಕೆಲವೊಮ್ಮೆ ಇನ್ನೂ ಜಾಸ್ತಿ ಹಿಡಿಯುತ್ತದೆ.

ಕಾಲಷ್ಟೇ ಅಲ್ಲ, ಬೆನ್ನನ್ನೂ ನೋಡಿ. ಸುಮ್ನೆ ನಿಂತ ಕುದುರೆಯ ಬೆನ್ನಿನ ಮಾಂಸ ಕರಗುತ್ತದೆ. ಮೊದಲು ಸರಿಯಾಗಿ ಕೂರುತ್ತಿದ್ದ ಜೀನು ಈಗ ಮೂಳೆಗೆ ಒತ್ತಬಹುದು. ಹೊಟ್ಟೆಯನ್ನೂ ಮರೆಯಬೇಡಿ. ಮೇವು ಇರಲಿ ಇಲ್ಲದಿರಲಿ, ಕುದುರೆಯ ಜಠರದಲ್ಲಿ ದಿನವಿಡೀ ಆಮ್ಲ ಹುಟ್ಟುತ್ತಲೇ ಇರುತ್ತದೆ. ಗಂಟೆಗಟ್ಟಲೆ ಹುಲ್ಲಿಲ್ಲದೆ ನಿಂತರೆ, ಅದರ ಜೊತೆ ಫೀನೈಲ್‌ಬ್ಯುಟಾಜೋನ್‌ನಂಥ ನೋವಿನ ಔಷಧಿಯೂ ಸೇರಿದರೆ ಜಠರದಲ್ಲಿ ಹುಣ್ಣಾಗುವ ಸಾಧ್ಯತೆ ಇದೆ. ಜೀನಿನ ಹೊಟ್ಟೆಪಟ್ಟಿ ಬಿಗಿಯುವಾಗ ಕಚ್ಚುವ ಕುದುರೆಗೆ ಈ ಹುಣ್ಣಿನ ಪರೀಕ್ಷೆಯನ್ನೂ ಮಾಡಿಸಿ.

ಸವಾರಿ ಹಂತಕ್ಕೆ ಬಂದಿದ್ದರೆ ಒಂದು ಒಳ್ಳೆಯ ಅಳತೆಗೋಲು ಇದೆ. ಪಶುವೈದ್ಯೆ ಸ್ಯೂ ಡೈಸನ್ ಮತ್ತು ಅವರ ತಂಡ ನೋವನ್ನು ಸೂಚಿಸುವ 24 ನಡವಳಿಕೆಗಳ ಪಟ್ಟಿ ಮಾಡಿದ್ದಾರೆ. ಕಿವಿ ಹಿಂದಕ್ಕೆ ಮಡಚುವುದು, ಬಾಯಿ ತೆರೆಯುವುದು, ಬಾಲ ಬೀಸುವುದು, ತಲೆ ಓರೆ ಮಾಡುವುದು ಇಂಥವು. ಇವುಗಳಲ್ಲಿ 8 ಅಥವಾ ಹೆಚ್ಚು ಕಂಡರೆ ಮೂಳೆ, ಕೀಲು, ಸ್ನಾಯುಗಳಲ್ಲಿ ನೋವಿರುವ ಸಾಧ್ಯತೆ ಬಲವಾಗಿದೆ. ಆಗ ತರಬೇತಿ ನಿಲ್ಲಿಸಿ, ಮತ್ತೆ ವೈದ್ಯರ ಬಳಿ ಹೋಗಿ.

ನೋವಿಲ್ಲ ಎಂದು ಖಾತ್ರಿಯಾದ ಮೇಲೆ ಉಳಿದದ್ದು ನಮ್ಮ ಕೆಲಸ. ಹೆಲ್ಮೆಟ್, ಕೈಗವಸು, ಗಟ್ಟಿ ಶೂ ಇಲ್ಲದೆ ಹತ್ತಿರ ಹೋಗಬೇಡಿ. ಹಗ್ಗವನ್ನು ಎಂದಿಗೂ ಕೈಗೆ ಸುತ್ತಿಕೊಳ್ಳಬೇಡಿ. ಹಣೆಯ ಮುಂದೆ ತೀರಾ ಹತ್ತಿರ ಇರುವುದೂ, ಬಾಲದ ನೇರ ಹಿಂದಿರುವುದೂ ಕುದುರೆಗೆ ಕಾಣುವುದಿಲ್ಲ. ಹಾಗಾಗಿ ಮಾತಾಡುತ್ತಾ ಭುಜದ ಕಡೆಯಿಂದ ಬನ್ನಿ.

ಈಗ ನನ್ನ ಕೈಯಲ್ಲಿರುವ ಕಂದು ಹೆಣ್ಣುಕುದುರೆ ಚಂದ್ರಿಗೆ ಮುಂದಿನ ಎಡಗಾಲಿನ ಟೆಂಡನ್ ಹರಿದಿತ್ತು. ಡ್ರೆಸಿಂಗ್ ಬದಲಿಸುವಾಗಲೆಲ್ಲ ಅವಳನ್ನು ಹಿಡಿದು ಒತ್ತಿ ನಿಲ್ಲಿಸಿದ್ದರು. ಗಾಯ ಮಾಗಿತು, ಆದರೆ ಕೈ ಕೆಳಗಿಳಿದರೆ ಸಾಕು, ಅವಳ ಮೂಗಿನ ಹೊಳ್ಳೆ ಬಿಗಿಯಾಗುತ್ತಿತ್ತು, ಕಣ್ಣಿನ ಮೇಲೆ ಸುಕ್ಕು ಮೂಡುತ್ತಿತ್ತು. ಒದೆತ ಬರುವುದು ಇದೆಲ್ಲ ಆದ ಮೇಲೆ. ಒದ್ದ ಮೇಲೆ ಬೈಯುವುದರಿಂದ ಏನೂ ಸಿಗುವುದಿಲ್ಲ. ಹೊಳ್ಳೆ ಬಿಗಿಯಾದಾಗಲೇ ಗಮನಿಸಿದರೆ ಒದೆತದವರೆಗೆ ಹೋಗುವುದೇ ಇಲ್ಲ.

ಅವಳ ಜೊತೆ ನಾನು ಕೆಲಸ ಶುರುಮಾಡಿದ್ದು ಕುತ್ತಿಗೆ ಮುಗಿದು ಬೆನ್ನು ಆರಂಭವಾಗುವ ಉಬ್ಬಿನಿಂದ. ಕುದುರೆಗಳು ಒಂದನ್ನೊಂದು ತುರಿಸುವುದೂ ಅಲ್ಲೇ. ಅಲ್ಲಿ ಚೆನ್ನಾಗಿ ತುರಿಸಿದರೆ ಎದೆಬಡಿತ ನಿಧಾನವಾಗುತ್ತದೆ. ತುಟಿ ಸಡಿಲವಾಗಿ ತಲೆ ತಗ್ಗುವವರೆಗೂ ತುರಿಸಿ, ಆಮೇಲೆ ಕೈಯನ್ನು ಭುಜಕ್ಕೆ, ಅಲ್ಲಿಂದ ಮೇಲ್ತೋಳಿಗೆ ಇಳಿಸಿ. ಮೈ ಬಿಗಿಯಾಗುವ ಜಾಗ ಎಲ್ಲಿದೆ ಎಂದು ಗೊತ್ತಾದ ಮೇಲೆ ಅದಕ್ಕಿಂತ ಸ್ವಲ್ಪ ಮೇಲೆಯೇ ಕೈ ನಿಲ್ಲಿಸಿ. ಅವಳು ಉಸಿರು ಬಿಟ್ಟ ತಕ್ಷಣ ಕೈ ತೆಗೆಯಿರಿ. ಈ "ತಕ್ಷಣ" ಎನ್ನುವುದರಲ್ಲಿ ಇಡೀ ಪಾಠ ಇದೆ. ಸುಮ್ಮನಿದ್ದಾಗ ಕೈ ಹೋದರೆ ಸುಮ್ಮನಿರುವುದೇ ಲಾಭ ಎಂದು ಕುದುರೆ ಕಲಿಯುತ್ತದೆ. ಕಾಲು ಬಡಿದಾಗ ಕೈ ಹೋದರೆ ಬಡಿಯುವುದನ್ನೇ ಕಲಿಯುತ್ತದೆ. ಹೊತ್ತು ಮೀರಿ ಕೈ ತೆಗೆದರೆ ಯಾವುದಕ್ಕೆ ಬಹುಮಾನ ಸಿಕ್ಕಿತು ಎಂದು ಅದಕ್ಕೆ ತಿಳಿಯುವುದೇ ಇಲ್ಲ.

ಮೊಣಕಾಲಿನ ಕೆಳಗೆ ಹೋಗುವಾಗ ಕೈ ಬೇಡ. ಉದ್ದನೆಯ ಕೋಲಿನ ತುದಿಗೆ, ಒಳಗೆ ಬಟ್ಟೆ ತುಂಬಿದ ಕೈಗವಸು ಕಟ್ಟಿ ಅದರಿಂದ ಸವರಿ. ಕುದುರೆ ಒದ್ದರೂ ನಿಮ್ಮ ತಲೆ ದೂರದಲ್ಲಿರುತ್ತದೆ, ನೀವೂ ಬೆದರಿ ಹಿಂದೆ ಸರಿಯುವುದಿಲ್ಲ. ಪೆಟ್ಟಿಲ್ಲದ ಕಾಲನ್ನು ಮೊದಲು ಮಾಡಿ. ಐದೋ ಹತ್ತೋ ನಿಮಿಷ ಸಾಕು, ಚೆನ್ನಾಗಿ ನಡೆಯುತ್ತಿರುವಾಗಲೇ ನಿಲ್ಲಿಸಿ. "ಇನ್ನೊಂದೇ ಒಂದು ಸಲ" ಎಂಬ ಆಸೆ ತುಂಬಾ ಕೆಲಸ ಕೆಡಿಸುತ್ತದೆ.

ಜೀನಿನ ಭಯಕ್ಕೂ ಇದೇ ದಾರಿ. ಜೀನು ದೂರದಲ್ಲಿ ಕಂಡಾಗ ಒಂದು ಹಿಡಿ ಹುಲ್ಲು ಕೊಡಿ. ಬೆನ್ನ ಮೇಲೆ ಬರೀ ಬಟ್ಟೆ ಇಡಿ, ತೆಗೆಯಿರಿ. ಪಟ್ಟಿಯನ್ನು ಒಂದೇ ಸಲ ಎಳೆದು ಬಿಗಿಯಬೇಡಿ. ಒಂದು ತೂತು ಬಿಗಿದು ನಾಲ್ಕು ಹೆಜ್ಜೆ ನಡೆಸಿ, ಆಮೇಲೆ ಇನ್ನೊಂದು. ಕುದುರೆ ತಿರುಗಿ ನೋಡಿದರೆ ಅದು ಅನುಮಾನಪಟ್ಟಿದೆ ಎಂದರ್ಥ. ಮೊದಲಿನ ತೂತಿಗೆ ವಾಪಸ್ ಹೋಗಿ.

ಇನ್ನು ಕಸುವಿನ ವಿಷಯ. ವಿಶ್ರಾಂತಿಯಲ್ಲಿರುವ ಕುದುರೆಗೆ ಕಾಳು ಕಡಿಮೆ ಮಾಡಿ, ಹುಲ್ಲು ಜಾಸ್ತಿ ಮಾಡಿ. ದಿನಕ್ಕೆ ಮೈತೂಕದ ಶೇ 1.5ರಿಂದ 2ರಷ್ಟು ಒಣಹುಲ್ಲು ಬೇಕು, ಅಂದರೆ 400 ಕಿಲೋ ಕುದುರೆಗೆ 6ರಿಂದ 8 ಕಿಲೋ. ಕಣ್ಣಿಗೆ ಕಾಣುವಷ್ಟು ದೂರದಲ್ಲಿ ಇನ್ನೊಂದು ಕುದುರೆ ಇರಲಿ. ಲಾಯದೊಳಗೇ ಮೂಗಿನಿಂದ ಕೋಲಿನ ತುದಿ ಮುಟ್ಟುವುದು, ಒಂದು ಹೆಜ್ಜೆ ಹಿಂದೆ ಹೋಗುವುದು, ತಲೆ ತಗ್ಗಿಸುವುದು ಕಲಿಸಿ. ಕಾಲಿಗೆ ಭಾರ ಬೀಳದೆ ಮನಸ್ಸಿಗೆ ಕೆಲಸ ಸಿಗುತ್ತದೆ. ಹೊರಗೆ ನಡೆಸುವಾಗ ಈ ಅಭ್ಯಾಸವೇ ನಿಮ್ಮ ಬ್ರೇಕು.

ಕೈಯಲ್ಲಿ ಹಿಡಿದು ನಡೆಸುವುದನ್ನು ವೈದ್ಯರ ವೇಳಾಪಟ್ಟಿಯಂತೆಯೇ ಮಾಡಿ. ಸಾಮಾನ್ಯವಾಗಿ 5ರಿಂದ 10 ನಿಮಿಷದಿಂದ ಶುರುಮಾಡಿ ವಾರಕ್ಕೆ ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತಾರೆ. ಗಟ್ಟಿ, ಸಮತಟ್ಟು ನೆಲ, ನೇರ ದಾರಿ ಇರಲಿ. ಹಗ್ಗ ಕಟ್ಟಿ ವೃತ್ತದಲ್ಲಿ ಓಡಿಸಿ ಕಸುವು ಇಳಿಸುವ ಆಲೋಚನೆ ಬೇಡವೇ ಬೇಡ. ವಾಸಿಯಾಗುತ್ತಿರುವ ಟೆಂಡನ್ನಿಗೆ ಚಿಕ್ಕ ವೃತ್ತ ತುಂಬಾ ಭಾರ. ಕುದುರೆ ಹಾರಾಡುತ್ತದೆ ಎಂಬ ಭಯವಿದ್ದರೆ ಮೊದಲ ಕೆಲವು ದಿನ ಸ್ವಲ್ಪ ಶಾಂತವಾಗಿಡುವ ಔಷಧಿ ಕೊಡಲು ವೈದ್ಯರನ್ನು ಕೇಳಿ. ಅದರಲ್ಲಿ ನಾಚಿಕೆ ಏನೂ ಇಲ್ಲ. ಒಂದೇ ಒಂದು ಜಿಗಿತ ತಿಂಗಳುಗಳ ಆರೈಕೆಯನ್ನು ಹಾಳುಮಾಡಬಲ್ಲದು, ಅಲ್ವಾ?

ಕುದುರೆ ಕಾಲಿಗೆ ಕೈ ಒಪ್ಪಿಕೊಂಡ ಮೇಲೆ, ದಿನಾ ಬೆಳಿಗ್ಗೆ ಕೆಲಸಕ್ಕೆ ಮುಂಚೆ ಎರಡೂ ಮುಂಗಾಲುಗಳನ್ನು ಅಂಗೈಯಿಂದ ಸವರಿ ಹೋಲಿಸಿ ನೋಡಿ. ಬಿಸಿ, ಊತ, ಗೊರಸಿಗಿಂತ ಸ್ವಲ್ಪ ಮೇಲೆ ಜೋರಾದ ನಾಡಿ, ಗಿಡ್ಡವಾದ ಹೆಜ್ಜೆ, ಇವುಗಳಲ್ಲಿ ಒಂದು ಕಂಡರೂ ಅವತ್ತಿನ ನಡಿಗೆ ರದ್ದು, ವೈದ್ಯರಿಗೆ ಫೋನ್. ಹಿಂದಿನ ದಿನ ಸುಮ್ಮನಿದ್ದ ಕುದುರೆ ಇವತ್ತು ಇದ್ದಕ್ಕಿದ್ದಂತೆ ಕಚ್ಚಲು ಬಂದರೂ ಅದನ್ನು ಇದೇ ಲೆಕ್ಕಕ್ಕೆ ಹಾಕಿ.

ಸವಾರಿಗೆ ವೈದ್ಯರು ಒಪ್ಪಿದ ಮೇಲೂ ಮೊದಲ ವಾರಗಳಲ್ಲಿ ಬರೀ ನಡಿಗೆ, ಹಗುರವಾದ, ಅನುಭವಿ ಸವಾರ. ಟ್ರಾಟ್, ಅಂದರೆ ನಡಿಗೆಗಿಂತ ಚುರುಕಾದ ಓಟ, ಆಮೇಲೆ. ಕೆಲವು ಕುದುರೆಗಳು ಬೆನ್ನ ಮೇಲೆ ಯಾರನ್ನೂ ಮತ್ತೆ ಒಪ್ಪುವುದಿಲ್ಲ. ಪರೀಕ್ಷೆ ಎಲ್ಲ ಮುಗಿದು, ತಾಳ್ಮೆಯಿಂದ ಮಾಡಿದ ಮೇಲೂ ಹಾಗೇ ಇದ್ದರೆ ಅದರ ಮಾತನ್ನು ನಂಬಿ, ಸವಾರಿ ಬಿಡಿ. ಅದು ಬದುಕಲು ನಮ್ಮನ್ನು ಹೊರಲೇಬೇಕು ಎಂದೇನಿಲ್ಲ.

ಕುದುರೆಯನ್ನು ಬೇರೆಯವರ ಕೈಗೆ ಕೊಡುವಾಗ ಒಂದು ಹಾಳೆ ಬರೆದು ಲಾಯದ ಬಾಗಿಲಿಗೆ ಅಂಟಿಸಿ. ಯಾವ ಕಾಲಿಗೆ ಪೆಟ್ಟಾಗಿತ್ತು, ಎಲ್ಲಿ ಮುಟ್ಟಿದರೆ ಬಿಗಿಯಾಗುತ್ತದೆ, ಒದೆಯುವ ಮುಂಚೆ ಮುಖದಲ್ಲಿ ಏನು ಕಾಣುತ್ತದೆ, ಪಟ್ಟಿಯನ್ನು ಎಷ್ಟು ಹಂತದಲ್ಲಿ ಬಿಗಿಯಬೇಕು. ಲಾಳ ಕಟ್ಟುವವರು ಬಂದಾಗ ಆ ಹಾಳೆಯನ್ನು ಅವರಿಗೂ ಓದಿ ಹೇಳಿ, ಕಾಲು ಎತ್ತುವಾಗ ನೀವು ಪಕ್ಕದಲ್ಲೇ ನಿಂತಿರಿ.